ತಣ್ಣನೆಯ ಕಾಫಿಗೂ ಮೊದಲು ಕುದಿನೀರು

ಏಪ್ರಿಲ್, ಮೇ ಬಂತೆಂದರೆ ಬಾಗಲಕೋಟೆಯಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಚಹಾದ ಸೀಮೆಯಾದರೂ ಇಂಥ ಧಗೆಗೆ ಒಗ್ಗುವ ಪೇಯವೊಂದಿದೆ: ಕೋಲ್ಡ್ ಬ್ರೂ ಕಾಫಿ. ಬಿಸಿ ಡಿಕಾಕ್ಷನ್‌ಗೆ ಮಂಜುಗಡ್ಡೆ ಹಾಕಿದರೆ ಆಗುವುದು ಐಸ್ ಕಾಫಿ. ಕೋಲ್ಡ್ ಬ್ರೂನಲ್ಲಿ ಪುಡಿಗೆ ಬಿಸಿನೀರು ಸೋಕುವುದೇ ಇಲ್ಲ. ಶಾಖ ಮಾಡುವ ಕೆಲಸವನ್ನು ಇಲ್ಲಿ ಸಮಯ ಮಾಡುತ್ತದೆ.

ಬಿಸಿನೀರಿನ ಅಣುಗಳು ಪುಡಿಯೊಳಕ್ಕೆ ರಭಸದಿಂದ ನುಗ್ಗಿ ಆಮ್ಲ, ಕಹಿ, ಪರಿಮಳ, ಕೆಫೀನ್ ಎಲ್ಲವನ್ನೂ ಕೆಲವೇ ನಿಮಿಷಗಳಲ್ಲಿ ಹೊರಗೆಳೆಯುತ್ತವೆ. ತಣ್ಣೀರಿಗೆ ಅದಕ್ಕೆ 12ರಿಂದ 16 ಗಂಟೆ ಬೇಕು. ಅಷ್ಟಾದರೂ ಆಮ್ಲ ಮತ್ತು ಕಹಿ ಅಂಶಗಳು ಪೂರ್ತಿ ಬರುವುದಿಲ್ಲ. ಅದಕ್ಕೇ ಈ ಕಾಫಿ ನಾಲಿಗೆಗೆ ಮೃದು.

ಹಾಗೆಂದು ಕೆಫೀನ್ ಕಡಿಮೆ ಎಂದುಕೊಳ್ಳಬೇಡಿ. 25 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 20 ಗ್ರಾಂ ಕೆಫೀನನ್ನು ಕರಗಿಸಬಲ್ಲದು. 100 ಗ್ರಾಂ ಅರೇಬಿಕಾ ಪುಡಿಯಲ್ಲಿ ಇರುವುದು ಒಂದು ಗ್ರಾಮಿಗಿಂತ ತುಸು ಹೆಚ್ಚು, ರೊಬಸ್ಟಾದಲ್ಲಿ ಅದರ ಸರಿಸುಮಾರು ಇಮ್ಮಡಿ. ತಣ್ಣೀರಿಗೆ ಕರಗಿಸುವ ಶಕ್ತಿ ಧಾರಾಳವಾಗಿಯೇ ಇದೆ, ವೇಗ ಮಾತ್ರ ಇಲ್ಲ.

ನಮ್ಮ ಜಿಲ್ಲೆಯಲ್ಲಿ ನಿಜವಾದ ತೊಡಕು ಇರುವುದು ನೀರಿನಲ್ಲಿ. ಬಾಗಲಕೋಟೆ, ಲೋಕಾಪುರದ ಸುತ್ತ ಸುಣ್ಣಕಲ್ಲು. ಇಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದಿದ್ದೂ ಅದರಿಂದಲೇ. ಸುಣ್ಣಕಲ್ಲಿನೊಳಗೆ ಹಾದು ಬಂದ ನೀರು ಗಡಸು. ಅದರಲ್ಲಿರುವ ಬೈಕಾರ್ಬೊನೇಟ್ ಕಾಫಿಯ ಆಮ್ಲವನ್ನು ತಣಿಸಿ ರುಚಿಯನ್ನು ಸಪ್ಪೆ ಮಾಡುತ್ತದೆ. ಬಾದಾಮಿಯ ಮರಳುಗಲ್ಲು ನೀರಿನಲ್ಲಿ ಕರಗುವುದು ಅತ್ಯಲ್ಪ. ಇಳಕಲ್, ಹುನಗುಂದದ ಕಡೆ ಗ್ರಾನೈಟ್. ಅಂಥ ನೆಲದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವ ಸಾಧ್ಯತೆಯುಂಟು.

ಆದ್ದರಿಂದ ನೀರನ್ನು ಮೊದಲು ಚೆನ್ನಾಗಿ ಕುದಿಸಿ. ಬೈಕಾರ್ಬೊನೇಟಿನ ಗಡಸುತನ ಬಿಳಿ ಗಸಿಯಾಗಿ ತಳಕ್ಕಿಳಿಯುತ್ತದೆ, ಸೂಕ್ಷ್ಮಜೀವಿಗಳೂ ಸಾಯುತ್ತವೆ. ಕೋಲ್ಡ್ ಬ್ರೂನಲ್ಲಿ ಮುಂದೆ ಕುದಿಸುವ ಹಂತವೇ ಇಲ್ಲವಾದ್ದರಿಂದ ಇದನ್ನು ತಪ್ಪಿಸುವಂತಿಲ್ಲ. ಫ್ಲೋರೈಡ್ ಮಾತ್ರ ಕುದಿಸಿದರೂ ಹೋಗದು. ಅದಿರುವ ಕಡೆ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ.

ಕುದಿಸಿದ ನೀರು ಆರಿದ ಮೇಲೆ ತಿಳಿಯನ್ನು ತೊಳೆದ ಮಣ್ಣಿನ ಗಡಿಗೆಗೆ ಬಸಿಯಿರಿ. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ. ನಮ್ಮ ಒಣ ಬೇಸಿಗೆಯಲ್ಲಿ, ಹೊರಗೆ 40 ಡಿಗ್ರಿ ಇದ್ದರೂ, ಒಳ್ಳೆಯ ಗಡಿಗೆಯ ನೀರು 25ರ ಹತ್ತಿರಕ್ಕೆ ಇಳಿಯಬಲ್ಲದು. ತೇವದ ಗಾಳಿಯ ಮಂಗಳೂರಿನಲ್ಲಿ ಈ ಯಂತ್ರ ಇಷ್ಟು ಚೆನ್ನಾಗಿ ನಡೆಯದು. ಪುಡಿಯನ್ನು ಮಾತ್ರ ಗಡಿಗೆಗೆ ಹಾಕಬೇಡಿ; ಕಾಫಿಯ ಎಣ್ಣೆ ಮಣ್ಣಿನ ರಂಧ್ರಗಳಲ್ಲಿ ಕೂತು ಮುಗ್ಗಲು ವಾಸನೆ ಹಿಡಿಯುತ್ತದೆ.

ಗಾಜಿನ ಅಥವಾ ಸ್ಟೀಲಿನ ಪಾತ್ರೆಗೆ 100 ಗ್ರಾಂ ಪುಡಿ, 800 ಮಿಲಿ ನೀರು ಹಾಕಿ, ಕಲಕಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. ಪುಡಿ ಸಣ್ಣ ರವೆಗಿಂತ ದಪ್ಪಗಿರಲಿ. ನುಣುಪಾದರೆ ಬಟ್ಟೆ ಕಟ್ಟಿಕೊಂಡು ಗಸಿ ಉಳಿಯುತ್ತದೆ. ಚಿಕೋರಿ ಬೆರೆತಿದ್ದರೂ ಅಡ್ಡಿಯಿಲ್ಲ, ಅದು ತಣ್ಣೀರಿನಲ್ಲೂ ಸಲೀಸಾಗಿ ಬಿಡುತ್ತದೆ. ಮರುದಿನ ಕುದಿನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆಯಲ್ಲಿ ಸೋಸಿ. ಇದು ಗಟ್ಟಿ ಡಿಕಾಕ್ಷನ್. ಅಷ್ಟೇ ಅಳತೆಯ ನೀರು ಅಥವಾ ಹಾಲು ಬೆರೆಸಿ ಕುಡಿಯಿರಿ.

ಕಾಫಿಯ ಆಮ್ಲ ಸೂಕ್ಷ್ಮಜೀವಿಗಳನ್ನು ತಡೆಯುವಷ್ಟು ತೀಕ್ಷ್ಣವಲ್ಲ. ನಮ್ಮ ಬೇಸಿಗೆಯಲ್ಲಿ ಇದನ್ನು ರಾತ್ರಿಯಿಡೀ ಅಡುಗೆಮನೆ ಕಟ್ಟೆಯ ಮೇಲೆ ನೆನೆಯಿಡಬೇಡಿ. ಸೋಸಿದ್ದನ್ನೂ ಫ್ರಿಜ್ಜಿನಲ್ಲೇ ಇಟ್ಟು ನಾಲ್ಕೈದು ದಿನದೊಳಗೆ ಮುಗಿಸಿ. ಹುಳಿ ವಾಸನೆ ಬಂದರೆ ರುಚಿ ನೋಡಲೂ ಹೋಗದೆ ಚೆಲ್ಲಿಬಿಡಿ.