ಶ್ರೀಗಂಧದ ಎಲೆಯಿಂದ ಮಲೇರಿಯಾದ ರಕ್ತಕಣದವರೆಗೆ

ಹಳೆಯ ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗ ಶುರುವಾದದ್ದು 1921ರಲ್ಲಿ. ಅದರ ಮೊದಲ ಮುಖ್ಯಸ್ಥ ಗಿಲ್ಬರ್ಟ್ ಫೌಲರ್ ಮ್ಯಾಂಚೆಸ್ಟರ್‌ನಲ್ಲಿ ಕೊಳಚೆ ನೀರಿನ ಶುದ್ಧೀಕರಣದ ಮೇಲೆ ಕೆಲಸ ಮಾಡಿ ಬಂದವರು. ಸೂಕ್ಷ್ಮಾಣುಗಳಿಂದ ಕೊಳಚೆ ತಿಳಿಗೊಳಿಸುವ, ಇಂದು ನಮ್ಮ ಊರುಗಳ ಶುದ್ಧೀಕರಣ ಘಟಕಗಳಲ್ಲೂ ಬಳಕೆಯಲ್ಲಿರುವ ವಿಧಾನದ ಹಿಂದೆ ಅವರ ಸಲಹೆಯಿತ್ತು. ಕಣ್ಣೆದುರಿನ ಕಷ್ಟದಿಂದ ಪ್ರಶ್ನೆ ಹುಟ್ಟಬೇಕು, ಉತ್ತರ ಅಣುವಿನ ಮಟ್ಟಕ್ಕೆ ಇಳಿಯಬೇಕು ಎಂಬ ಈ ವಿಭಾಗದ ಗುಣ ಆಗಿನಿಂದಲೇ ಬಂದದ್ದೆಂದು ನನಗನ್ನಿಸುತ್ತದೆ.

ಆ ಕಾಲದ ಮೈಸೂರು ಮತ್ತು ಕೊಡಗಿನ ಕಾಡುಗಳಲ್ಲಿ ಶ್ರೀಗಂಧಕ್ಕೆ ಸ್ಪೈಕ್ ರೋಗ ತಗುಲಿತ್ತು. ಎಲೆ ಕಿರಿದಾಗಿ, ಗೆಣ್ಣುಗಳ ನಡುವಿನ ಅಂತರ ಕುಗ್ಗಿ, ರೆಂಬೆಗಳು ಮುಳ್ಳಿನ ಗೊಂಚಲಿನಂತೆ ನೆಟ್ಟಗೆ ನಿಂತು ಮರ ಒಣಗುತ್ತಿತ್ತು. ಸಂಸ್ಥೆಯ ಎಂ. ಶ್ರೀನಿವಾಸಯ್ಯ ಮತ್ತು ಸಂಗಡಿಗರು ವರ್ಷಗಟ್ಟಲೆ ಇದರ ಬೆನ್ನು ಹತ್ತಿದರು. ಶ್ರೀಗಂಧ ಪಕ್ಕದ ಗಿಡಗಳ ಬೇರಿನಿಂದ ಆಹಾರ ಹೀರುವ ಮರವಾದ್ದರಿಂದ ನೆರೆಗಿಡಗಳನ್ನೂ ಗಮನಿಸಬೇಕಾಗಿತ್ತು. ರೋಗಕ್ಕೆ ಕಾರಣವಾದ, ಕೋಶಭಿತ್ತಿಯಿಲ್ಲದ ಸೂಕ್ಷ್ಮಜೀವಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1969ರಲ್ಲಿ. ಅದಕ್ಕೂ ಎಷ್ಟೋ ಹಿಂದೆ, ಅಂಥ ಸಲಕರಣೆ ಏನೂ ಇಲ್ಲದೆ ಅವರು ಕಲೆಹಾಕಿದ ವಿವರಗಳನ್ನು ನೆನೆದರೆ ಗೌರವ ಮೂಡುತ್ತದೆ.

ಇದೇ ಶ್ರೀನಿವಾಸಯ್ಯನವರ ಬಳಿ 1933ರಲ್ಲಿ ಕಲಿಯಲು ಬಂದವರು ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ. ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಮೊದಲು ಪ್ರವೇಶ ನಿರಾಕರಿಸಿದ್ದು, ಆಕೆ ಪಟ್ಟು ಹಿಡಿದದ್ದು, ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನೊಡನೆ ಒಳಗೆ ಬಂದದ್ದು ಎಲ್ಲರಿಗೂ ಗೊತ್ತು. ಆ ಅನ್ಯಾಯವನ್ನು ಹೇಳಲೇಬೇಕು. ಆದರೆ ಕಥೆ ಅಲ್ಲಿಗೇ ನಿಂತುಬಿಟ್ಟರೆ ಆಕೆಯ ವಿಜ್ಞಾನಕ್ಕೆ ಇನ್ನೊಂದು ಅನ್ಯಾಯವಾಗುತ್ತದೆ. ಬೆಂಗಳೂರಿನಲ್ಲಿ ಆಕೆ ಅಧ್ಯಯನ ಮಾಡಿದ್ದು ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನನ್ನು, ಬಡವರ ತಟ್ಟೆಯಲ್ಲಿ ಪೌಷ್ಟಿಕಾಂಶ ಎಲ್ಲಿಂದ ಬರುತ್ತದೆಂಬ ಪ್ರಶ್ನೆಯನ್ನು. ಕೇಂಬ್ರಿಜ್‌ನಲ್ಲಿ ಸಸ್ಯಗಳ ಉಸಿರಾಟದಲ್ಲಿ ಪಾತ್ರವಹಿಸುವ ಸೈಟೋಕ್ರೋಮ್ ಸಿ ಕುರಿತು ಸಂಶೋಧಿಸಿ 1939ರಲ್ಲಿ ಪಿಎಚ್‌.ಡಿ. ಪಡೆದರು. ಮರಳಿ ಬಂದ ಮೇಲೆ, ಮುಂಬೈಯಲ್ಲಿ, ಮತ್ತೆ ಕಾಳುಗಳಿಗೇ ಕೈಹಾಕಿದರು. ಅವರೆಕಾಳು, ಡಬಲ್ ಬೀನ್ಸ್‌ಗಳಲ್ಲಿ ನಮ್ಮ ಜೀರ್ಣಕಿಣ್ವ ಟ್ರಿಪ್ಸಿನ್ನನ್ನು ತಡೆಯುವ ಪ್ರೋಟೀನುಗಳಿವೆ. ಅವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ ವರದಿ 1955ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಕಾಳನ್ನು ಚೆನ್ನಾಗಿ ಬೇಯಿಸಿ ತಿನ್ನುವ ನಮ್ಮ ಅಡುಗೆಯ ರೂಢಿಗೆ ಇಂಥ ರಸಾಯನದ ಕಾರಣವೂ ಇದೆ.

ವಿಭಾಗದ ಮುಖ್ಯಸ್ಥರಾಗಿದ್ದ ವಿ. ಸುಬ್ರಹ್ಮಣ್ಯನ್ ಅವರು 1950ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ಮೊದಲ ನಿರ್ದೇಶಕರಾದರು. ಆಹಾರ ಸಂಶೋಧನೆಯ ದೊಡ್ಡ ಪಾಲು ಅವರೊಡನೆ ಅಲ್ಲಿಗೆ ಹರಿಯಿತು.

ಮುಂದಿನ ದಶಕಗಳಲ್ಲಿ ಕಿಣ್ವಗಳ ಜೊತೆಗೆ ಜೀನುಗಳೂ ವಿಭಾಗದ ಪ್ರಯೋಗಾಲಯದ ಮೇಜಿಗೆ ಬಂದವು. ಮೈಸೂರಿನವರಾದ ಎಂ.ಆರ್.ಎಸ್. ರಾವ್ ವೀರ್ಯಾಣು ರೂಪುಗೊಳ್ಳುವಾಗ ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳು ಬದಲಾಗುವುದನ್ನು ಹಿಡಿದುನೋಡಿದರು. ಎಚ್.ಎಸ್. ಸಾವಿತ್ರಿ ಸಸ್ಯಗಳಿಗೆ ತಗಲುವ ವೈರಸ್‌ಗಳು ಹೇಗೆ ಜೋಡಣೆಗೊಳ್ಳುತ್ತವೆ ಎಂಬುದನ್ನು ಬಿಡಿಸಿದರು. ಸತೀಶ್ ರಾಘವನ್ ಅವರ ತಂಡ ತುಂಡಾದ ಡಿಎನ್‌ಎ ರಿಪೇರಿಯಾಗುವ ಒಂದು ದಾರಿಯನ್ನು ತಡೆಯುವ ಅಣುವಿನ ಬಗ್ಗೆ 2012ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬರೆಯಿತು. ಕ್ಯಾನ್ಸರ್ ಕೋಶಗಳನ್ನು ಮಣಿಸುವುದು ಅದರ ಗುರಿ.

ನನ್ನನ್ನು ಹೆಚ್ಚು ಸೆಳೆಯುವುದು ಇದೇ ವಿಭಾಗದ ಜಿ. ಪದ್ಮನಾಭನ್ ಅವರ ಮಲೇರಿಯಾ ಕೆಲಸ. ಮಲೇರಿಯಾದ ಪರಾವಲಂಬಿ ನಮ್ಮ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ನನ್ನು ತಿನ್ನುತ್ತದೆ. ಅದರ ಸುತ್ತ ಇರುವುದೆಲ್ಲ ಹೀಮ್, ಅಂದರೆ ಕಬ್ಬಿಣ ಹಿಡಿದಿಟ್ಟ ಅಣು. ಅದು ಹೆಚ್ಚಾದರೆ ವಿಷ. ಹಾಗಾಗಿ ಪರಾವಲಂಬಿ ಅದನ್ನು ನಿರುಪದ್ರವಿ ಹರಳಾಗಿ ಒಂದು ಕಡೆ ಕಟ್ಟಿಡುತ್ತದೆ. ಇಷ್ಟೊಂದು ಹೀಮ್ ನಡುವೆ ಇರುವ ಜೀವಿ ತನ್ನದೇ ಹೀಮ್ ತಯಾರಿಸುವುದೇಕೆ? ಆದರೂ ತಯಾರಿಸುತ್ತದೆಂದು ನಮಿತಾ ಸುರೋಲಿಯಾ ಮತ್ತು ಪದ್ಮನಾಭನ್ 1992ರಲ್ಲಿ ತೋರಿಸಿದರು. ಆ ದಾರಿ ಮುಚ್ಚಿದರೆ ರಕ್ತದಲ್ಲೇ ರೋಗಾಣುವನ್ನು ಕೊಲ್ಲಬಹುದೆಂಬ ಆಸೆ ಹುಟ್ಟಿತು.

ಎರಡು ದಶಕಗಳ ಬಳಿಕ ಇದೇ ಗುಂಪು ಪರಾವಲಂಬಿಯ ಹೀಮ್ ತಯಾರಿಕೆಯ ಜೀನುಗಳನ್ನೇ ತೆಗೆದುಹಾಕಿ ನೋಡಿತು. 2013ರ ಫಲಿತಾಂಶ ಆ ಆಸೆಯನ್ನು ತಿದ್ದಿತು: ಇಲಿಯ ರಕ್ತದಲ್ಲಿ ಪರಾವಲಂಬಿ ಬೆಳೆಯುತ್ತಲೇ ಇತ್ತು, ಆತಿಥೇಯನ ಹೀಮ್ ಅದಕ್ಕೆ ಸಾಕಾಗಿತ್ತು. ಸೊಳ್ಳೆಯ ದೇಹದಲ್ಲಿ ಮತ್ತು ಯಕೃತ್ತಿನ ಹಂತದಲ್ಲಿ ಮಾತ್ರ ಅದು ಸೋತಿತು. ಸ್ವಂತ ಹೀಮ್ ಇಲ್ಲದೆ ಸೋಂಕು ಹರಡುವ ರೂಪ ಸೊಳ್ಳೆಯೊಳಗೆ ಸರಿಯಾಗಿ ಮೂಡಲಿಲ್ಲ. ಸೊಳ್ಳೆಗೆ ಹೀಮ್‌ನ ಕಚ್ಚಾವಸ್ತುವಾದ ಅಮೈನೋಲೆವುಲಿನಿಕ್ ಆಮ್ಲವನ್ನು ಉಣಿಸಿದಾಗ ಅದು ಮತ್ತೆ ಮೂಡಿತು. ಔಷಧದ ಗುರಿ ರೋಗಿಯ ರಕ್ತದಿಂದ ರೋಗ ದಾಟುವ ದಾರಿಗೆ ಸರಿದದ್ದು ಹೀಗೆ.