ಎತ್ತಿನ ಹಿಂಗಾಲು ಸೆಟೆಯುವ ಬೇನೆ

ಉಳುವ ಎತ್ತು ಬೆಳಗ್ಗೆ ಎದ್ದು ನಡೆಯತೊಡಗಿದೊಡನೆ ಒಂದು ಹಿಂಗಾಲು ಹಿಂದಕ್ಕೆ ಸೆಟೆದು, ಗೊರಸಿನ ತುದಿ ನೆಲವನ್ನು ಗೀರುವುದುಂಟು. ಕೆಲವು ಹೆಜ್ಜೆಗಳಾದ ಮೇಲೆ ಕಾಲು ತಟ್ಟನೆ ಕಳಚಿಕೊಂಡು ಮುಂದಕ್ಕೆ ಎಗರುವುದು. ನೋಡಿದವರು ಸೊಂಟ ಉಳುಕಿತೆಂದು ಚಪ್ಪೆಯ ಮೇಲೆ ಬರೆ ಎಳೆಯಿಸುವರು. ಬರೆಯಿಂದ ಚರ್ಮ ಸುಡುವುದೇ ಹೊರತು ಒಳಗಿನ ಸಿಕ್ಕು ಬಿಡದು. ಕೊನೆಗೆ ಎತ್ತು ಸಂತೆಯಲ್ಲಿ ಅರೆಬೆಲೆಗೆ ಹೋಗುವುದು.

ಈ ಸಿಕ್ಕಿಗೆ ಎರಡು ಸ್ಥಾನಗಳುಂಟು. ಹೆಚ್ಚಾಗಿ ಕಾಣುವುದು ಮಂಡಿಯದು: ಮಂಡಿಚಿಪ್ಪಿನ ಒಳಮಗ್ಗುಲಿನ ಕಟ್ಟುನಾರು ತೊಡೆಮೂಳೆಯ ಏಣಿಗೆ ಕೊಕ್ಕೆಯಂತೆ ತಗುಲಿ, ಕಾಲು ಮಡಿಯದಾಗುವುದು. ಇನ್ನೊಂದು ಚಪ್ಪೆಯದು. ತೊಡೆಯ ದೊಡ್ಡ ಸ್ನಾಯುವಿನ ಮುಂದಣ ಅಂಚು ಚಪ್ಪೆಯ ಕೀಲಿನ ಹೊರಗುಬ್ಬಿನ ಹಿಂದಕ್ಕೆ ಜಾರಿ ಅಲ್ಲಿಯೇ ಸಿಕ್ಕಿಕೊಳ್ಳುವುದು. ಬಡಕಲು ದನಗಳಲ್ಲಿ ಇದು ವಿಶೇಷ.

ಗುರುತಿಸಲು ಕಾಲು ಸೆಟೆದಿರುವಾಗಲೇ ನೋಡತಕ್ಕದ್ದು. ಚಪ್ಪೆಯ ಗುಬ್ಬು ಎದ್ದು ಕಂಡು, ಅದರ ಹಿಂದೆ ಸ್ನಾಯುವಿನ ಅಂಚು ಬಿಗಿದ ಹಗ್ಗದಂತೆ ಕೈಗೆ ಸಿಕ್ಕಿದರೆ ದೋಷವು ಚಪ್ಪೆಯಲ್ಲಿದೆ. ಮಂಡಿಚಿಪ್ಪು ಮೇಲಕ್ಕೇರಿ ಅಲುಗದೆ ನಿಂತಿದ್ದರೆ ಮಂಡಿಯಲ್ಲಿದೆ. ಗೊರಸಿನ ಮುಂತುದಿ ಸವೆದಿರುವುದು ಎರಡರಲ್ಲಿಯೂ ಕಾಣಬಹುದಾದುದರಿಂದ, ಅದೊಂದನ್ನೇ ನಂಬಲಾಗದು. ಬಾವು, ಜ್ವರ, ಕಾಲೂರಲಾರದ ನೋವು ಇದ್ದರೆ ಅದು ಬೇರೆಯೇ ಬೇನೆ.

ಮಂಡಿಯ ಸಿಕ್ಕಿಗೆ ಪಶುವೈದ್ಯರು ಆ ಜಾಗವನ್ನು ಮರಗಟ್ಟಿಸಿ ಕಟ್ಟುನಾರನ್ನು ಕತ್ತರಿಸುವರು. ಕೆಲವೇ ನಿಮಿಷಗಳ ಕೆಲಸ. ಚಪ್ಪೆಯದಕ್ಕೆ ಸ್ನಾಯುವಿನ ಅಂಚನ್ನೇ ಕೊಯ್ಯಬೇಕಾಗುವುದು. ಇದು ದೊಡ್ಡ ಚಿಕಿತ್ಸೆ. ಒಂದರ ಬದಲು ಮತ್ತೊಂದನ್ನು ಕತ್ತರಿಸಿದರೆ ಫಲವಿಲ್ಲ. ಆದುದರಿಂದ ಕಾಲು ಯಾವ ಹೊತ್ತಿನಲ್ಲಿ, ಎಷ್ಟು ಹೆಜ್ಜೆಯವರೆಗೆ ಸೆಟೆದಿರುವುದೆಂಬುದನ್ನು ಒಡೆಯರು ಗಮನಿಸಿಟ್ಟುಕೊಂಡು ವೈದ್ಯರಿಗೆ ತಿಳಿಸಬೇಕು. ಅಲ್ಲಿಯವರೆಗೆ ಎತ್ತಿಗೆ ನೊಗವಿಡಬಾರದು.