ಈ ಮರ ಯಾರು ನೆಟ್ಟಿದ್ದು? ಬೆಂಗಳೂರಲ್ಲೊಂದು ಭಾನುವಾರ

ಊರಿಂದ ಯಾರಾದ್ರೂ ಬಂದ್ರೆ ನಾವು ಐಟಿ ಮಂದಿ ಬೆಂಗಳೂರು ತೋರಿಸೋ ರೀತಿ ಹೆಚ್ಚುಕಮ್ಮಿ ಒಂದೇ. ಒಂದು ಮಾಲ್, ಒಂದು ದೊಡ್ಡ ಹೋಟೆಲ್, ವಿಧಾನಸೌಧದ ಮುಂದೆ ಒಂದು ಫೋಟೊ. ಮಿಕ್ಕ ಹೊತ್ತೆಲ್ಲ ಟ್ರಾಫಿಕ್ಕಿಗೆ ಸಮರ್ಪಣೆ! ಫೆಬ್ರವರಿ ಕೊನೆಯಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದಿಂದ ಅಪ್ಪ ಬಂದಾಗ ಮಾತ್ರ ಈ ಪಟ್ಟಿ ನಡೆಯಲಿಲ್ಲ. “ಮರ ಇರೋ ಕಡೆ ಕರ್ಕೊಂಡು ಹೋಗು ಮಾರಾಯ” ಅಂದರು. ಭಾನುವಾರ ಬೆಳಿಗ್ಗೆ ಕಾರು ಬಿಟ್ಟು ಮೆಟ್ರೋ ಹತ್ತಿದೆವು.

ಮೊದಲು ಲಾಲ್‌ಬಾಗ್

ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ನಿಲ್ದಾಣ. 1760ರಲ್ಲಿ ಹೈದರಾಲಿ ಶುರುಮಾಡಿದ, ಟಿಪ್ಪು ಬೆಳೆಸಿದ ತೋಟ ಇದು. ಈಗ 240 ಎಕರೆ. ಕೆಂಪೇಗೌಡರ ಗೋಪುರ ನಿಂತಿರೋ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಗಾಜಿನ ಮನೆ ಗೊತ್ತೇ ಇದೆ, ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನಕ್ಕೆ ಎಲ್ಲರೂ ಹೋಗಿರ್ತೀವಿ. ಅಪ್ಪ ಅಲ್ಲೆಲ್ಲ ನಿಲ್ಲಲಿಲ್ಲ. ಹಳೇ ಬೂರುಗದ ಮರದ ಬುಡ ನೋಡ್ತಾ ನಿಂತುಬಿಟ್ಟರು. “ಇದನ್ನ ನೆಟ್ಟವನು ಇದರ ನೆರಳಲ್ಲಿ ಕೂತಿರೋದು ಡೌಟು. ಯಾರು ನೆಟ್ಟಿದ್ದು?”

ತೋಟ ಮಾಡೋರಿಗೆ ಬರುವ ಪ್ರಶ್ನೆ ಇದು. ಬೆಂಗಳೂರಿನ ಹಸಿರು ಹವೆಯ ಕೃಪೆ ಅಂತಲೇ ನಾವು ಅಂದುಕೊಂಡಿರ್ತೀವಿ. ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರ, ಹಿತವಾದ ಹವೆ, ಎಲ್ಲ ನಿಜ. ಆದರೆ ರಸ್ತೆ ಬದಿಯ ಮರ ತಾನಾಗಿ ಹುಟ್ಟಿ ಸಾಲಾಗಿ ನಿಲ್ಲಲ್ಲ!

ಹೂವಿಗೂ ಒಂದು ಕ್ಯಾಲೆಂಡರ್

1908ರಲ್ಲಿ ಇಲ್ಲಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್. ಅದಕ್ಕೆ ಮೊದಲು ಲಂಡನ್ನಿನ ಕ್ಯೂ ಗಾರ್ಡನ್ಸ್, ಬರೋಡಾದಲ್ಲಿ ಕೆಲಸ ಮಾಡಿದವರು. ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ರಸ್ತೆಯಲ್ಲಿ ಬಣ್ಣ ಇರಬೇಕು ಅನ್ನೋದು ಅವರ ಲೆಕ್ಕ. ನಮ್ಮ ಆಫೀಸಲ್ಲಿ ಮೂರು ತಿಂಗಳ ಪ್ಲಾನ್ ಮೂರು ವಾರಕ್ಕೆ ಬದಲಾಗುತ್ತೆ. ಇವರದು ನೂರು ವರ್ಷದಿಂದ ನಡೀತಾ ಇದೆ! 1956ರಲ್ಲಿ ತೀರಿಕೊಂಡದ್ದೂ ಬೆಂಗಳೂರಲ್ಲೇ. ಲಾಲ್‌ಬಾಗ್ ಪಕ್ಕದ ರಸ್ತೆಗೆ ಅವರದೇ ಹೆಸರು.

ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಕಬ್ಬನ್ ಪಾರ್ಕಿಗೆ ಹೋದರೆ ಆ ಕ್ಯಾಲೆಂಡರ್ ಕಣ್ಣೆದುರೇ ಇತ್ತು. ನೆಲದ ಮೇಲೆಲ್ಲ ಟಬೆಬುಯಾದ ಗುಲಾಬಿ ಹಾಸಿಗೆ. ಮಾರ್ಚ್‌ಗೆ ಜಕರಾಂಡದ ನೇರಳೆ, ಏಪ್ರಿಲ್-ಮೇನಲ್ಲಿ ಗುಲ್‌ಮೊಹರ್‌ನ ಕೆಂಪು, ಮಳೆಗಾಲ ಮುಗಿಯುವಾಗ ಆಕಾಶಮಲ್ಲಿಗೆಯ ಪರಿಮಳ. ಜಕರಾಂಡ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರ್‌ದು. ನಮ್ಮ ಹಾಗೆ ಹೊರಗಿಂದ ಬಂದು ಇಲ್ಲೇ ಬೇರೂರಿದವೇ!

1980ರ ದಶಕದಲ್ಲಿ ಊರು ಬೆಳೆದು ಬಿಸಿಲು ಜಾಸ್ತಿಯಾದಾಗ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ನೇತೃತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟರು. ಗಿಡ ಬೇಕಾ ಅಂತ ಮನೆಯವರನ್ನೇ ಕೇಳಿ, ನೋಡಿಕೊಳ್ಳೋಕೂ ಅವರನ್ನು ಸೇರಿಸಿಕೊಂಡರು. ಹಳೇ ಬಡಾವಣೆಗಳಲ್ಲಿ ನಾವು ನೆರಳು ಹುಡುಕಿ ಬೈಕ್ ನಿಲ್ಲಿಸ್ತೀವಲ್ಲ, ಆ ನೆರಳಿನಲ್ಲಿ ಅವರ ಪಾಲು ದೊಡ್ಡದು.

ಈಗ ನಮ್ಮ ಪಾಳಿ

ನಮ್ಮ ಆಫೀಸ್ ರಸ್ತೆಯ ಮಳೆಮರಗಳು ಕಳೆದ ವರ್ಷ ಅಗಲೀಕರಣಕ್ಕೆ ಹೋದವು. ಬೆಳಿಗ್ಗೆ ಕಡಿದರು, ಸಂಜೆಗೆ ಬರೀ ಬೊಡ್ಡೆ. ಬಸ್‌ಸ್ಟಾಪಲ್ಲಿ ಈಗ ಬಿಸಿಲಿಗೇ ಛತ್ರಿ ಹಿಡೀತೀವಿ. ಐವತ್ತು ವರ್ಷದ ಕೆಲಸ ಒಂದೇ ದಿನಕ್ಕೆ ಡಿಲೀಟ್, ಬ್ಯಾಕಪ್ಪೂ ಇಲ್ಲ.

ಹಾಗಂತ ಏನೂ ಮಾಡೋಕಾಗಲ್ಲ ಅಂತಲ್ಲ. 2016ರಲ್ಲಿ ಚಾಲುಕ್ಯ ಸರ್ಕಲ್‌ನಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆಗಾಗಿ 800ಕ್ಕೂ ಹೆಚ್ಚು ಮರ ಹೋಗೋದಿತ್ತು. ಆ ಅಕ್ಟೋಬರ್‌ನಲ್ಲಿ ಸಾವಿರಾರು ಜನ ಕೈ ಕೈ ಹಿಡಿದು ರಸ್ತೆ ಬದಿ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ಕಾನೂನೂ ನಮ್ಮ ಪರ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ, ಸ್ವಂತ ಸೈಟಿನ ಮರ ಕಡಿಯೋಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯೋದಾದರೆ ಜನರ ಆಕ್ಷೇಪಣೆ ಕೇಳಲೇಬೇಕು. ಮರಕ್ಕೆ ಅಂಟಿಸಿದ ನೋಟಿಸ್ ಕಂಡರೆ ಒಂದು ಫೋಟೊ ತೆಗೆದು, ಕೊನೇ ದಿನಾಂಕ ನೋಡಿ, ಒಂದು ಮೇಲ್ ಹಾಕಿ. ಐದು ನಿಮಿಷ ಸಾಕು, ಸ್ಟ್ಯಾಂಡಪ್ ಮೀಟಿಂಗ್‌ಗಿಂತ ಬೇಗ ಮುಗಿಯುತ್ತೆ!

ಮುಂದಿನ ಸಲ ಊರಿಂದ ಹಿರಿಯರು ಬಂದಾಗ ಮಾಲ್ ಬಿಡಿ, ಮೆಟ್ರೋದಲ್ಲಿ ಈ ಎರಡು ಪಾರ್ಕ್ ಸುತ್ತಿಸಿ. ಟಿಫನ್‌ಗೆ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಇದ್ದೇ ಇದೆ. ಹಾಗೇ ನಿಮ್ಮ ಬೀದಿಯ ಒಂದು ಮರದ ಹೆಸರು ಅವರಿಂದ ಕೇಳಿ ತಿಳ್ಕೊಳ್ಳಿ. ಹೆಸರು ಗೊತ್ತಿರೋ ಮರವನ್ನ ಕಡಿಯೋಕೆ ಬಂದಾಗ ಸುಮ್ಮನೆ ನೋಡ್ತಾ ನಿಲ್ಲೋದು ಕಷ್ಟ.